ಮನೆಯಲ್ಲೇ ಬ್ಯಾಕಪ್ ಸರ್ವರ್: ಹಳೆ ಡೆಸ್ಕ್‌ಟಾಪ್ ಸಾಕಾ, ಹೊಸ ನ್ಯಾಸ್ ಬೇಕಾ?

ಅಚ್ಚಿನಮನೆ
ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ಮನೆಯ ಮಹಡಿ ಮೇಲೆ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಆಗಾಗ ಒಂದೊಂದು ಪುಸ್ತಕ. ಮನೆಯಲ್ಲಿ ಮೂರು ಕಂಪ್ಯೂಟರ್ ಇವೆ: ನನ್ನ ಕೆಲಸದ ಡೆಸ್ಕ್‌ಟಾಪ್, ಯಜಮಾನರ ಲ್ಯಾಪ್‌ಟಾಪ್, ಮಗಳ ಲ್ಯಾಪ್‌ಟಾಪ್. ಎಲ್ಲ ಸೇರಿ 600 ಜಿಬಿ ಆಗಬಹುದು. ಅರ್ಧಕ್ಕಿಂತ ಜಾಸ್ತಿ ಫೋಟೋಗಳೇ.

ಸದ್ಯ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಹಾಕುತ್ತಾ ಬಂದಿದ್ದೇವೆ. ಇನ್ನು ಮುಂದೆ ಮೂರೂ ಕಂಪ್ಯೂಟರ್‌ಗಳಿಂದ ತಾನಾಗಿಯೇ ಬ್ಯಾಕಪ್ ಆಗುವಂತೆ ಒಂದು ಸರ್ವರ್ ಇಡಬೇಕು ಅಂತಿದ್ದೇನೆ. ಸುಮ್ನೆ ಕೂತಿರುವ ಹಳೆ ಡೆಸ್ಕ್‌ಟಾಪ್ ಒಂದಿದೆ (4ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್). ಅಂಗಡಿಯವರು ಮಾತ್ರ ಎರಡು ಡಿಸ್ಕ್ ಹಿಡಿಯುವ ನ್ಯಾಸ್ ಪೆಟ್ಟಿಗೆಯನ್ನೇ (ರೂಟರ್‌ಗೆ ಜೋಡಿಸಿ ಮನೆಯ ಎಲ್ಲ ಕಂಪ್ಯೂಟರ್‌ಗಳಿಂದ ಬಳಸುವ ಡಿಸ್ಕ್ ಪೆಟ್ಟಿಗೆ) ತಗೊಳ್ಳಿ ಅನ್ನುತ್ತಾರೆ. ಯಾವುದು ಸರಿ? ಲಿನಕ್ಸ್ ಗೊತ್ತಿಲ್ಲ, ಕಲಿಯೋಕೆ ತಯಾರಿದ್ದೇನೆ.

ಬೈಟ್ ಬಸವ
ಹಳೆ ಡೆಸ್ಕ್‌ಟಾಪ್ ಧಾರಾಳ ಸಾಕು ಮೇಡಂ. ಓಪನ್‌ಮೀಡಿಯಾವಾಲ್ಟ್ ಹಾಕಿ, ಹಳೆ ಕಂಪ್ಯೂಟರನ್ನೇ ನ್ಯಾಸ್ ಮಾಡುವ ತಂತ್ರಾಂಶ ಅದು. ಡೆಬಿಯನ್ ಅನ್ನುವ ಲಿನಕ್ಸ್ ಮೇಲೆ ಕಟ್ಟಿದ್ದು, ಉಚಿತ. ಒಮ್ಮೆ ಹಾಕಿದ ಮೇಲೆ ಎಲ್ಲವನ್ನೂ ಬ್ರೌಸರ್‌ನಲ್ಲೇ ನೋಡಿಕೊಳ್ಳಬಹುದು. ಅದೇ ಥರದ ಟ್ರೂನ್ಯಾಸ್ ಕೂಡ ಚೆನ್ನಾಗಿದೆ, ಆದರೆ ಅದು ಕನಿಷ್ಠ 8 ಜಿಬಿ ರ‍್ಯಾಮ್ ಕೇಳುತ್ತದೆ. ನಿಮ್ಮದು ಸರಿಯಾಗಿ ಅಷ್ಟೇ ಇದೆ, ಬೇರೇನೂ ಓಡಿಸೋಕೆ ಉಳಿಯಲ್ಲ. ದುಡ್ಡನ್ನೆಲ್ಲ ಒಳ್ಳೆ ಡಿಸ್ಕ್‌ಗಳಿಗೆ ಹಾಕಿ.

ಕರಾವಳಿ ನೆಟ್
ನಾನು ಒಪ್ಪುವುದಿಲ್ಲ. ಲಿನಕ್ಸ್ ಗೊತ್ತಿಲ್ಲ ಅಂತ ಅವರೇ ಹೇಳಿದ್ದಾರೆ. ನ್ಯಾಸ್ ಪೆಟ್ಟಿಗೆಯಾದರೆ ಡಿಸ್ಕ್ ಹಾಕಿ ನಾಲ್ಕು ಪುಟ ಕ್ಲಿಕ್ ಮಾಡಿದರೆ ಮುಗಿಯಿತು. ಸದ್ದಿಲ್ಲ, ಕರೆಂಟ್ ಕಡಿಮೆ, ವಾರಂಟಿ ಇದೆ. ಹಳೆ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಪೆಟ್ಟಿಗೆ) ಇಷ್ಟು ವರ್ಷ ದುಡಿದಿದೆ, ಅದರ ಮೇಲೆ ಭಾರ ಹಾಕಿ ಮನೆಯ ಎಲ್ಲ ಫೋಟೋ ಇಡೋದಾ?

ಬೈಟ್ ಬಸವ
ಎಸ್‌ಎಂಪಿಎಸ್ ಹೋದರೆ ತಿಪಟೂರಿನಲ್ಲೇ ಹೊಸದು ಸಿಗುತ್ತದೆ, ಅರ್ಧ ಗಂಟೆಯಲ್ಲಿ ಕೂರಿಸಬಹುದು. ನ್ಯಾಸ್ ಪೆಟ್ಟಿಗೆಯ ಬೋರ್ಡ್ ಹೋದರೆ? ಸರ್ವಿಸ್ ಸೆಂಟರ್‌ಗೆ ಬೆಂಗಳೂರಿಗೆ ಕಳಿಸಿ ವಾರಗಟ್ಟಲೆ ಕಾಯಬೇಕು. ಓಪನ್‌ಮೀಡಿಯಾವಾಲ್ಟ್‌ನ ಡಿಸ್ಕನ್ನು ಬಿಚ್ಚಿ ಯಾವ ಲಿನಕ್ಸ್ ಕಂಪ್ಯೂಟರ್‌ಗೆ ಚುಚ್ಚಿದರೂ ಓದುತ್ತದೆ.

ಕರೆಂಟು ಲೆಕ್ಕ
ಯಾರೂ ಬಿಲ್ ಮಾತೇ ಎತ್ತಲಿಲ್ಲ. ಹಳೆ ಐ5 ಡೆಸ್ಕ್‌ಟಾಪ್ ಸುಮ್ನೆ ಕೂತಾಗಲೂ ಸುಮಾರು 45 ವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ ಅಂದರೆ 32 ಯೂನಿಟ್ ದಾಟುತ್ತದೆ. ಮನೆಯ ಮೀಟರ್ ಗೃಹಜ್ಯೋತಿಯಲ್ಲಿದ್ದರೆ ಇದು ಸಣ್ಣ ಮಾತಲ್ಲ. ನಿಮ್ಮ ಸರಾಸರಿ 150 ಇದ್ದರೆ ಶೇ 10 ಸೇರಿ 165ರ ತನಕ ಉಚಿತ. ಈ ಸರ್ವರ್ ಸೇರಿದರೆ 182. ಮೇಲಿನ 17 ಯೂನಿಟ್‌ಗೆ ದುಡ್ಡು ಕಟ್ಟಬೇಕು. ಈಗಾಗಲೇ 180ರ ಹತ್ತಿರ ಇರುವ ಮನೆಯಾದರೆ 200 ದಾಟಿ ಪೂರ್ತಿ ಬಿಲ್ಲೇ ಬರುತ್ತದೆ. ಮೊದಲು ಹಳೆ ಬಿಲ್ ತೆಗೆದು ನೋಡಿ.

ಮಲೆನಾಡ ತಂತಿ
ಬ್ಯಾಕಪ್ ಸರ್ವರ್ 24 ಗಂಟೆ ಓಡಬೇಕು ಅಂತ ಯಾರು ಹೇಳಿದರು? ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದ ಕೂಡಲೇ ಸಿಗುವ ಸೆಟ್ಟಿಂಗ್) ಆರ್‌ಟಿಸಿ ಅಲಾರಂ ಅಂತ ಒಂದು ಆಯ್ಕೆ ಇರುತ್ತದೆ. ರಾತ್ರಿ 8ಕ್ಕೆ ಏಳು ಅಂತ ಹೇಳಿದರೆ ತಾನೇ ಆನ್ ಆಗುತ್ತದೆ. ಬ್ಯಾಕಪ್ ಮುಗಿಸಿ 11ಕ್ಕೆ ತಾನೇ ಆಫ್ ಆಗುವಂತೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಲಿನಕ್ಸ್ ಸೌಲಭ್ಯ) ಒಂದು ಸಾಲು ಬರೆದರೆ ಆಯಿತು. ದಿನಕ್ಕೆ ಮೂರು ಗಂಟೆ ಅಂದರೆ ತಿಂಗಳಿಗೆ 4 ಯೂನಿಟ್. ನಮ್ಮ ಕಡೆ ಸಿಡಿಲಿನ ಕಾಟ ಜಾಸ್ತಿ. ಮಳೆಗಾಲದ ಸಂಜೆ ಪ್ಲಗ್ ಕಿತ್ತಿಡುವುದು ಮನೆಮಂದಿಗೆಲ್ಲ ಅಭ್ಯಾಸ. ಸದಾ ಆನ್ ಇರಬೇಕಾದ ಯಂತ್ರ ಇಲ್ಲಿಗೆ ಹೊಂದುವುದೇ ಇಲ್ಲ.

ರಾಜ್ ಕ್ಲೌಡ್
ಇಷ್ಟೆಲ್ಲ ಯಾಕೆ? ಕ್ಲೌಡ್‌ಗೆ ಹಾಕಿ ನೆಮ್ಮದಿಯಾಗಿರಿ.

ಕರೆಂಟು ಲೆಕ್ಕ
600 ಜಿಬಿಯನ್ನು 40 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಕಳಿಸೋಕೆ ಲೈನ್ ಒಂದು ಕ್ಷಣ ಬಿಡದೆ ಓಡಿದರೂ 33 ಗಂಟೆ ಬೇಕು. ಅದಾದ ಮೇಲೆ ಪ್ರತಿ ತಿಂಗಳು ಬಾಡಿಗೆ. ಡಿಸ್ಕ್ ಹೋಯಿತು ಅಂದಾಗ ಅಷ್ಟನ್ನೂ ವಾಪಸ್ ಇಳಿಸಬೇಕು. ನಾಳೆ ಬೆಳಿಗ್ಗೆ ಲಗ್ನಪತ್ರಿಕೆ ಪ್ರೆಸ್‌ಗೆ ಹೋಗಬೇಕಾದವರಿಗೆ ಮನೆಯೊಳಗಿನ ಪ್ರತಿಯೇ ಆಗಬೇಕು.

ಮೂರು ಪ್ರತಿ
ಕ್ಲೌಡ್ ಬೇಡ ಅನ್ನುವುದೂ ತಪ್ಪು, ಅದೊಂದೇ ಸಾಕು ಅನ್ನುವುದೂ ತಪ್ಪು. 3-2-1 ಅನ್ನುವ ನಿಯಮ ಕೇಳಿರುತ್ತೀರಿ. ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್ ಅದನ್ನು ಜನಪ್ರಿಯ ಮಾಡಿದರು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ಸರ್ವರ್ ಎಷ್ಟೇ ಒಳ್ಳೆಯದಿರಲಿ, ಅದು ಅದೇ ಮನೆಯಲ್ಲಿ, ಅದೇ ಮೀಟರ್‌ನ ಮೇಲೆ ಇರುತ್ತದೆ. ಕಳ್ಳತನ, ಬೆಂಕಿ, ಸಿಡಿಲು ಯಾವುದು ಬಂದರೂ ಕಂಪ್ಯೂಟರ್ ಜೊತೆ ಸರ್ವರ್ ಕೂಡ ಹೋಗುತ್ತದೆ.

ಮೇಡಂ, ನಿಮ್ಮ ತವರು ಬೇರೆ ಊರಲ್ಲಿದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಎರಡು ಎಕ್ಸ್‌ಟರ್ನಲ್ ಡಿಸ್ಕ್ ಇಟ್ಟುಕೊಳ್ಳಿ. ಒಂದು ಸರ್ವರ್‌ಗೆ ಚುಚ್ಚಿರಲಿ, ಇನ್ನೊಂದು ತವರಿನ ಬೀರುವಿನಲ್ಲಿರಲಿ. ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿ.

ಮಲೆನಾಡ ತಂತಿ
ಬೀರುವಿನಲ್ಲಿ ಇಡುವವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತೇವಕ್ಕೆ ಕನೆಕ್ಟರ್ ಹಸಿರುಗಟ್ಟಿದ್ದನ್ನು ತುಂಬಾ ನೋಡಿದ್ದೇನೆ.

ಅಚ್ಚಿನಮನೆ
ತವರು ಹಾಸನದ ಹತ್ತಿರ. ಇದು ಸುಲಭವಾಗಿ ಆಗುವ ಕೆಲಸ. ಒಂದು ಸಂಶಯ: ಸರ್ವರ್‌ನಲ್ಲಿ ಎರಡು ಡಿಸ್ಕ್ ಹಾಕಿ ರೇಡ್ 1 ಮಾಡಿ, ಒಂದು ಹೋದರೂ ಇನ್ನೊಂದರಲ್ಲಿ ಇರುತ್ತದೆ ಅಂತ ಅಂಗಡಿಯವರು ಹೇಳಿದರು. ಅದು ಬೇಕಾ?

ಕರಾವಳಿ ನೆಟ್
ಬೇಕೇ ಬೇಕು.

ಬೈಟ್ ಬಸವ
ನಿಮ್ಮ ಕೇಸಿನಲ್ಲಿ ಬೇಡ. ರೇಡ್ 1 ಅಂದರೆ ಕನ್ನಡಿ. ಒಂದರಲ್ಲಿ ಫೈಲ್ ಅಳಿಸಿದರೆ ಇನ್ನೊಂದರಲ್ಲೂ ಅದೇ ಕ್ಷಣ ಅಳಿಯುತ್ತದೆ. ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲಬಾರದು ಅನ್ನುವ ಕಡೆ ಅದಕ್ಕೆ ಬೆಲೆ. ಇವರದು ಬ್ಯಾಕಪ್ ಸರ್ವರ್. ಅದು ಎರಡು ದಿನ ನಿಂತರೆ ಏನೂ ಮುಳುಗುವುದಿಲ್ಲ, ಅಸಲು ಕೆಲಸದ ಕಂಪ್ಯೂಟರ್‌ನಲ್ಲೇ ಇರುತ್ತದಲ್ಲ. ಅದೇ ದುಡ್ಡಿನ ಎರಡನೇ ಡಿಸ್ಕ್ ಹಾಸನದಲ್ಲಿ ಇರಲಿ.

ಕರಾವಳಿ ನೆಟ್
ಮೂರೂ ಕಂಪ್ಯೂಟರ್‌ಗಳ ಹಳೆ ಆವೃತ್ತಿಗಳು ಇರುವುದು ಸರ್ವರ್‌ನಲ್ಲಿ ಮಾತ್ರ ಅಲ್ವಾ? ಹೋದ ವರ್ಷದ ಫೈಲ್‌ನ ಹಿಂದಿನ ರೂಪ ಬೇಕು ಅಂದಾಗ ಆ ಒಂದು ಡಿಸ್ಕೇ ಗತಿ. ಆದ್ದರಿಂದ ಕನ್ನಡಿ ಇದ್ದರೆ ಒಳ್ಳೆಯದು ಅಂದಿದ್ದು. ಆದರೂ ಎರಡೇ ಡಿಸ್ಕ್‌ಗೆ ದುಡ್ಡಿದ್ದರೆ ಒಂದು ಹೊರಗೆ ಹೋಗಲಿ ಅನ್ನುವುದನ್ನು ಒಪ್ಪುತ್ತೇನೆ.

ಎಸ್.ಪಿ. ರಸ್ತೆ ಓಡಾಟ
ಡಿಸ್ಕ್ ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಮಾಹಿತಿಯ ಪಟ್ಟಿಗಳನ್ನು ಅಕ್ಕಪಕ್ಕ ಬಿಡಿಬಿಡಿಯಾಗಿ ಬರೆಯುವ ಸಿಎಂಆರ್ ಡಿಸ್ಕೇ ಬೇಕು ಅಂತ ಕೇಳಿ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಪಟ್ಟಿಗಳು ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು, ಅದಕ್ಕೇ ಜಾಸ್ತಿ ಬರೆಯುವಾಗ ತೆವಳುತ್ತದೆ. ನ್ಯಾಸ್‌ಗೆ ಅಂತ ಮಾರುತ್ತಿದ್ದ ಡಬ್ಲ್ಯೂಡಿ ರೆಡ್‌ನ ಕೆಲವು ಮಾದರಿಗಳಲ್ಲೂ ಎಸ್‌ಎಂಆರ್ ಇದೆ ಅನ್ನುವುದು 2020ರಲ್ಲಿ ಹೊರಬಂದು ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಸಿಎಂಆರ್ ಇರುವುದನ್ನು ರೆಡ್ ಪ್ಲಸ್ ಅಂತ ಬೇರೆ ಮಾಡಿದರು.

ಎರಡು, ಹೊಸದೆಂದು ಕೊಟ್ಟಿದ್ದು ನಿಜವಾಗಿ ಹೊಸದಾ ಅಂತ ಸ್ಮಾರ್ಟ್ ಲೆಕ್ಕ (ಡಿಸ್ಕ್ ತಾನೇ ಬರೆದಿಡುವ ತನ್ನ ಸ್ಥಿತಿ) ತೆಗೆದು ನೋಡಿ. ಎಷ್ಟು ಗಂಟೆ ಓಡಿದೆ ಅಂತ ಅದರಲ್ಲಿರುತ್ತದೆ. 2025ರ ಆರಂಭದಲ್ಲಿ ಯುರೋಪಿನಲ್ಲಿ ಬಳಸಿದ ಸೀಗೇಟ್ ಡಿಸ್ಕ್‌ಗಳನ್ನು ಆ ಲೆಕ್ಕ ಸೊನ್ನೆ ಮಾಡಿ ಹೊಸದೆಂದು ಮಾರಿದ್ದು ಬಯಲಾಯಿತು. ಸೀಗೇಟ್ ಆದರೆ ಸ್ಮಾರ್ಟ್‌ಸಿಟಿಎಲ್ ಅನ್ನುವ ತಂತ್ರಾಂಶದಲ್ಲಿ ಫಾರ್ಮ್ ಲಾಗ್ (ಸೀಗೇಟ್‌ನದೇ ಇನ್ನೊಂದು ಲೆಕ್ಕ) ತೆಗೆಯಿರಿ, ಅಸಲಿ ಗಂಟೆ ಅಲ್ಲಿ ಸಿಗುತ್ತದೆ. ಬಿಲ್ ಇಲ್ಲದೆ ಡಿಸ್ಕ್ ತಗೊಳ್ಳಲೇಬೇಡಿ.

ಲಾಕ್ ಬಿಚ್ಚು
ಎಲ್ಲರೂ ಡಿಸ್ಕ್ ಹಿಂದೆ ಬಿದ್ದಿದ್ದೀರಿ. ನನಗೆ ಕಾಣುವ ದೊಡ್ಡ ಅಪಾಯ ರಾನ್ಸಮ್‌ವೇರ್, ಫೈಲ್‌ಗಳನ್ನು ಲಾಕ್ ಮಾಡಿ ಬಿಚ್ಚೋಕೆ ದುಡ್ಡು ಕೇಳುವ ವೈರಸ್. ಡಿಟಿಪಿಯವರಿಗೆ ದಿನವೂ ಯಾರ್ಯಾರದೋ ಪೆನ್‌ಡ್ರೈವ್, ಯಾರ್ಯಾರದೋ ಮೇಲ್ ಬರುತ್ತವೆ. 2017ರ ಮೇನಲ್ಲಿ ವನ್ನಾಕ್ರೈ ಅನ್ನುವ ರಾನ್ಸಮ್‌ವೇರ್ ಹರಡಿದ್ದು ವಿಂಡೋಸ್‌ನಲ್ಲಿ ಫೈಲ್ ಹಂಚಿಕೊಳ್ಳುವ ಎಸ್‌ಎಂಬಿ 1ರ ತೂತಿನಿಂದ. ಮೈಕ್ರೋಸಾಫ್ಟ್ ಅದಕ್ಕೆ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಸಾಮಾನ್ಯವಾಗಿ ಮನೆಗಳಲ್ಲಿ ಏನು ಮಾಡುತ್ತಾರೆ? ಸರ್ವರ್‌ನ ಫೋಲ್ಡರನ್ನು ಜಡ್ ಡ್ರೈವ್ ಅಂತ ಮ್ಯಾಪ್ ಮಾಡಿ ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲು ಹೇಳುತ್ತಾರೆ. ಕಂಪ್ಯೂಟರ್‌ಗೆ ಹೊಕ್ಕ ವೈರಸ್‌ಗೂ ಆ ಜಡ್ ಡ್ರೈವ್ ಕಾಣುತ್ತದೆ. ಅಸಲನ್ನೂ ಬ್ಯಾಕಪ್ಪನ್ನೂ ಒಟ್ಟಿಗೆ ಲಾಕ್ ಮಾಡಿ ಹೋಗುತ್ತದೆ.

ಅದಕ್ಕೇ ಕಂಪ್ಯೂಟರ್ ಸರ್ವರ್‌ಗೆ ತಳ್ಳುವುದು ಬೇಡ, ಸರ್ವರೇ ಬಂದು ಎಳೆದುಕೊಳ್ಳಲಿ. ಅರ್‌ಬ್ಯಾಕಪ್ ಅನ್ನುವ ತಂತ್ರಾಂಶ ಹೀಗೆ ಕೆಲಸ ಮಾಡುತ್ತದೆ. ವಿಂಡೋಸ್‌ನಲ್ಲಿ ಒಂದು ಸಣ್ಣ ಕ್ಲೈಂಟ್ ಹಾಕಬೇಕು ಅಷ್ಟೇ. ಹಿಂದಿನ ಪ್ರತಿಗಳನ್ನು ಅಳಿಸುವ ಅಧಿಕಾರ ಸರ್ವರ್ ಹತ್ತಿರ ಮಾತ್ರ ಇರುವಂತೆ ಇಡಬಹುದು. ಡಾಕರ್ (ತಂತ್ರಾಂಶವನ್ನು ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಸಾಧನ) ಮೂಲಕವೂ ಹಾಕಬಹುದು, ಬರೀ ಡೆಬಿಯನ್ ಮೇಲೂ ಕೂರುತ್ತದೆ.

ಬೈಟ್ ಬಸವ
ಇದು ಸರಿಯಾದ ಮಾತು. ನಾನು ಜಡ್ ಡ್ರೈವ್ ಮಾಡಿ ಅಂತ ಹೇಳುವವನಿದ್ದೆ. ಅರ್‌ಬ್ಯಾಕಪ್ಪೇ ಹಾಕಿ ಮೇಡಂ.

ಹೊಸಬ ಹೊಳೆನರಸೀಪುರ
ಸಿಂಕ್‌ಥಿಂಗ್ ಇದ್ದರೆ ಸಾಕಲ್ವಾ? ನಾನು ಅದನ್ನೇ ಬಳಸುತ್ತೇನೆ.

ಲಾಕ್ ಬಿಚ್ಚು
ಸಿಂಕ್‌ಥಿಂಗ್ ಒಳ್ಳೆಯದೇ, ಆದರೆ ಅದರ ಕೆಲಸ ಎರಡು ಕಡೆ ಒಂದೇ ಥರ ಇಡುವುದು. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಫೈಲ್ ವರ್ಷನಿಂಗ್ (ಹಳೆ ಆವೃತ್ತಿ ಉಳಿಸುವುದು) ಆನ್ ಮಾಡಿದ್ದೀರಾ ನೋಡಿ, ಮೊದಲಿಗೆ ಅದು ಆಫ್ ಇರುತ್ತದೆ.

ಗಡಿನಾಡು
ಇದೇ ಸರ್ವರನ್ನು ಹೊರಗಿನಿಂದಲೂ ನೋಡುವಂತೆ ರೂಟರ್‌ನಲ್ಲಿ ಪೋರ್ಟ್ ತೆರೆದರೆ ಮೊಬೈಲ್‌ನಿಂದ ಫೋಟೋ ಕಳಿಸಬಹುದು. ಹೇಗೆ ಅಂತ ಯಾರಾದರೂ ಹೇಳಿ.

ಲಾಕ್ ಬಿಚ್ಚು
ದಯವಿಟ್ಟು ಪೋರ್ಟ್ ತೆರೆಯಬೇಡಿ. 2021ರ ಜೂನ್‌ನಲ್ಲಿ ಡಬ್ಲ್ಯೂಡಿ ಮೈ ಬುಕ್ ಲೈವ್ ಡಿಸ್ಕ್‌ಗಳನ್ನು ಹೊರಗಿನಿಂದಲೇ ಯಾರೋ ಖಾಲಿ ಮಾಡಿಬಿಟ್ಟರು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ರಾನ್ಸಮ್‌ವೇರ್ ಇಂಟರ್‌ನೆಟ್‌ಗೆ ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಪೆಟ್ಟಿಗೆಗಳನ್ನು ಹುಡುಕಿ ಹುಡುಕಿ ಹೊಡೆಯಿತು. ಎರಡೂ ಮನೆ, ಸಣ್ಣ ಅಂಗಡಿಗಳವರೇ ಜಾಸ್ತಿ ಬಳಸುವ ಪೆಟ್ಟಿಗೆಗಳು.

ಅದೂ ಅಲ್ಲದೆ ನಮ್ಮಲ್ಲಿ ಎಷ್ಟೋ ಫೈಬರ್ ಸಂಪರ್ಕಗಳು ಸಿಜಿನ್ಯಾಟ್ (ಒಂದೇ ಇಂಟರ್‌ನೆಟ್ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಏರ್ಪಾಡು) ಹಿಂದೆ ಇವೆ, ಪೋರ್ಟ್ ತೆರೆದರೂ ಏನೂ ಆಗುವುದಿಲ್ಲ. ಟೇಲ್‌ಸ್ಕೇಲ್ ಅನ್ನುವ ಖಾಸಗಿ ಸಂಪರ್ಕದ ತಂತ್ರಾಂಶ ಹಾಕಿದರೆ ಎರಡೂ ತೊಂದರೆ ತಪ್ಪುತ್ತದೆ. ನಿಮ್ಮ ಸಾಧನಗಳು ಮಾತ್ರ ಒಂದಕ್ಕೊಂದು ಕಾಣುತ್ತವೆ.

ಕೇಬಲ್ ಕೃಷ್ಣ
ನಾನು ಊರಿನ ಮನೆಗಳಿಗೆ ನೆಟ್ ಎಳೆಯುವವನು. ಮೊದಲ ಬ್ಯಾಕಪ್ ಮುಗಿಯುತ್ತಲೇ ಇಲ್ಲ ಅಂತ ಕರೆಯುತ್ತಾರೆ. ಹೋಗಿ ನೋಡಿದರೆ ಬಹಳ ಸಲ ಕಾರಣ ಒಂದೇ: ಕೇಬಲ್‌ನ ತುದಿಯಲ್ಲಿ ನಾಲ್ಕು ತಂತಿ ಮಾತ್ರ ಕ್ರಿಂಪ್ ಮಾಡಿರುತ್ತಾರೆ. 100 ಎಂಬಿಪಿಎಸ್‌ಗೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. 100ರಲ್ಲಿ ಸೆಕೆಂಡಿಗೆ 11 ಎಂಬಿ ಹೋಗುತ್ತದೆ, ಗಿಗಾಬಿಟ್‌ನಲ್ಲಿ 110ರ ತನಕ. 600 ಜಿಬಿಗೆ ಒಂದರಲ್ಲಿ 15 ಗಂಟೆ, ಇನ್ನೊಂದರಲ್ಲಿ ಒಂದೂವರೆ. ಪ್ಲಗ್‌ನ ಪಾರದರ್ಶಕ ಮೂತಿಯನ್ನು ಬೆಳಕಿಗೆ ಹಿಡಿದು ತಂತಿಯ ಬಣ್ಣ ಎಣಿಸಿ, ಎಂಟು ಕಾಣಬೇಕು. ರೂಟರ್‌ನ ಎಲ್ಲ ಪೋರ್ಟೂ ಗಿಗಾಬಿಟ್ ಇರುವುದಿಲ್ಲ, ಅದನ್ನೂ ನೋಡಿ. ಮೊದಲ ಸಲ ವೈಫೈನಲ್ಲಿ ಮಾಡಬೇಡಿ.

ಹೆಸರು ಉದ್ದ
ಕನ್ನಡದಲ್ಲೇ ಫೈಲ್ ಹೆಸರಿಡುವವರಿಗೆ ಒಂದು ಎಚ್ಚರಿಕೆ. ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್ ಇಡುವ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಹೆಸರಿನ ಮಿತಿ 255 ಸಂಕೇತ (ಮೂಲ ಅಕ್ಷರ, ಗುಣಿತದ ಗುರುತು ಒಂದೊಂದೂ ಒಂದು ಸಂಕೇತ). ಲಿನಕ್ಸ್‌ನ ಇಎಕ್ಸ್‌ಟಿ4ನಲ್ಲಿ 255 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಆದರೆ ಒಳಗೆ ಆರು ಸಂಕೇತ, 18 ಬೈಟ್.

'ಶ್ರೀ ಸಿದ್ಧರಾಮೇಶ್ವರ ಸ್ವಾಮಿ ದೇವಸ್ಥಾನ ಜೀರ್ಣೋದ್ಧಾರ ಸಮಿತಿ ಸ್ಮರಣ ಸಂಚಿಕೆ ಮುಖಪುಟ ಎರಡನೇ ತಿದ್ದುಪಡಿ ಅಂತಿಮ' ಅಂತ ಒಂದು ಹೆಸರಿಟ್ಟರೆ, ಕೊನೆಯ ಡಾಟ್ ಪಿಡಿಎಫ್ ಸೇರಿ 264 ಬೈಟ್. ವಿಂಡೋಸ್‌ನಲ್ಲಿ ತಕರಾರಿಲ್ಲದೆ ಉಳಿಯುತ್ತದೆ. ಲಿನಕ್ಸ್ ಸರ್ವರ್‌ಗೆ ನೇರ ಕಾಪಿ ಮಾಡಿದರೆ ಆ ಒಂದು ಫೈಲ್ ಹೋಗುವುದೇ ಇಲ್ಲ. ಸಾವಿರಾರು ಫೈಲ್ ನಡುವೆ ಯಾರೂ ಗಮನಿಸುವುದಿಲ್ಲ. ಸಿನಾಲಜಿ ಕಂಪನಿಯ ನ್ಯಾಸ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿದ (ಪಾಸ್‌ವರ್ಡ್ ಬೀಗ ಹಾಕಿದ) ಫೋಲ್ಡರ್ ಆದರೆ ಮಿತಿ ಇನ್ನೂ ಕಡಿಮೆ, 143 ಬೈಟ್. ಹೆಸರು ಚಿಕ್ಕದಿರಲಿ, ಉದ್ದದ್ದನ್ನು ಫೋಲ್ಡರ್‌ಗಳಿಗೆ ಹಂಚಿ.

ಅಚ್ಚಿನಮನೆ
ನನ್ನ ಹತ್ತಿರ ಇಂಥ ಹೆಸರುಗಳೇ ತುಂಬಿವೆ! ಗಿರಾಕಿಗಳು ಫೋನ್ ಮಾಡಿದಾಗ ಹುಡುಕೋಕೆ ಸುಲಭ ಅಂತ ಪೂರ್ತಿ ಹೆಸರಿಡುತ್ತೇನೆ. ಇದನ್ನು ಹೇಳಿದ್ದಕ್ಕೆ ತುಂಬಾ ಉಪಕಾರವಾಯಿತು.

ಬೇ ಏರಿಯಾ ಶರಾವತಿ
ಮ್ಯಾಕ್ ಇದ್ದವರಿಗೂ ಇದೇ ಜಾತಿಯ ತೊಂದರೆ. ಮ್ಯಾಕ್‌ನ ಹಳೆ ಎಚ್‌ಎಫ್‌ಎಸ್ ಪ್ಲಸ್ ಪದ್ಧತಿಯ ಡಿಸ್ಕ್ 'ಕೋ', 'ಕೀ' ಇಂಥವನ್ನು ಬಿಡಿಸಿ ಬರೆದಿಡುತ್ತದೆ. ಲಿನಕ್ಸ್ ಜೋಡಿಸಿದ್ದನ್ನು ಹಾಗೇ ಇಡುತ್ತದೆ. ಕಾಪಿ ಮಾಡುವ ಆರ್‌ಸಿಂಕ್ ತಂತ್ರಾಂಶ ಎರಡನ್ನೂ ಬೇರೆ ಬೇರೆ ಫೈಲ್ ಅಂದುಕೊಂಡು ಜೋಡಿ ಪ್ರತಿ ಮಾಡುತ್ತದೆ. ಅದಕ್ಕೆ ಐಕಾನ್ವ್ ಆಯ್ಕೆ (ಹೆಸರಿನ ಸಂಕೇತ ಬದಲಿಸುವುದು) ಕೊಟ್ಟರೆ ಸರಿಹೋಗುತ್ತದೆ. ಈಗಿನ ಎಪಿಎಫ್‌ಎಸ್‌ನಲ್ಲಿ ಕೊಟ್ಟ ಹಾಗೇ ಇರುತ್ತದೆ.

ಮೂರು ಪ್ರತಿ
ಹಾಸನಕ್ಕೆ ಹೋಗುವ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಲಿ. ಬಸ್ಸಿನಲ್ಲಿ ಬ್ಯಾಗ್ ಕಳೆದರೆ ಮನೆಯವರೆಲ್ಲರ ಆಧಾರ್, ಪಾಸ್‌ಪುಸ್ತಕದ ಸ್ಕ್ಯಾನ್ ಯಾರದೋ ಕೈಗೆ ಹೋಗುತ್ತದೆ.

ಹಿರಿಯ ಓದುಗ
ನಾನು ಇದಕ್ಕೆ ವಿರೋಧ. ಪರಿಚಯದ ಒಬ್ಬರು ತೀರಿಕೊಂಡಾಗ ಅವರ ಡಿಸ್ಕ್‌ನಲ್ಲಿ ಕುಟುಂಬದ ಎಲ್ಲ ಫೋಟೋ ಇದ್ದವು. ಪಾಸ್‌ವರ್ಡ್ ಅವರ ತಲೆಯಲ್ಲಿ ಮಾತ್ರ ಇತ್ತು. ಡಿಸ್ಕ್ ಇವತ್ತಿಗೂ ಅವರ ಹೆಂಡತಿಯ ಹತ್ತಿರ ಇದೆ, ತೆರೆಯೋಕೆ ಆಗಿಲ್ಲ. ಫೋಟೋ ಇರುವ ಡಿಸ್ಕನ್ನು ಯಾವ ಕಂಪ್ಯೂಟರ್‌ಗೆ ಚುಚ್ಚಿದರೂ ತೆರೆಯುವಂತೆ ಇಡಿ.

ಮೂರು ಪ್ರತಿ
ಸರ್, ನಿಮ್ಮ ಮಾತು ಮನಸ್ಸಿಗೆ ನಾಟಿತು. ಹಾಗಾದರೆ ಹೀಗೆ ಮಾಡಬಹುದು. ಫೋಟೋಗಳು ಬೀಗವಿಲ್ಲದೆ ಒಂದು ಡಿಸ್ಕ್‌ನಲ್ಲಿ. ದಾಖಲೆ ಮತ್ತು ಗಿರಾಕಿಗಳ ಕೆಲಸ ಎನ್‌ಕ್ರಿಪ್ಟ್ ಮಾಡಿ ಇನ್ನೊಂದರಲ್ಲಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬ್ಯಾಂಕ್ ಪತ್ರಗಳ ಜೊತೆ ಇಟ್ಟು, ಮನೆಯ ಇನ್ನೊಬ್ಬರ ಕೈಯಲ್ಲಿ ಒಮ್ಮೆ ತೆರೆಸಿ ನೋಡಬೇಕು.

ಹಿರಿಯ ಓದುಗ
ಅದಾದರೆ ಒಪ್ಪಿಗೆ.

ರೀಸ್ಟೋರ್ ರಂಗ
ತೆರೆಸಿ ನೋಡುವ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಅನ್ನುವ, ತಂತ್ರಾಂಶದ ಕೋಡ್ ಇಡುವ ಜಾಲತಾಣದ ಕಂಪನಿಯಲ್ಲಿ ಕೆಲಸಗಾರರೊಬ್ಬರು ಕೆಲಸದಲ್ಲಿದ್ದ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ ತೆಗೆಯೋಕೆ ಹೋದರೆ ಅಲ್ಲಿ ಏನೂ ಇರಲಿಲ್ಲ. ಬ್ಯಾಕಪ್ ತೆಗೆಯುವ ಸಾಧನದ ಆವೃತ್ತಿ ಡೇಟಾಬೇಸ್‌ಗೆ ಹೊಂದದೆ ದಿನವೂ ಸೋಲುತ್ತಿತ್ತು. ಸೋತಿದೆ ಅಂತ ಹೋಗುತ್ತಿದ್ದ ಮೇಲ್‌ಗಳೂ ತಲುಪುತ್ತಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆ ಅಂತ ತೆಗೆದಿದ್ದ ಪ್ರತಿ ಸಿಕ್ಕಿದ್ದರಿಂದ ಉಳಿದುಕೊಂಡರು. ಅಷ್ಟು ದೊಡ್ಡ ಕಂಪನಿಯಲ್ಲೇ ಹೀಗಾದರೆ ಮನೆಯಲ್ಲಿ ಕೇಳಬೇಕಾ?

ಮೇಡಂ, ಎಲ್ಲ ಜೋಡಿಸಿದ ಮೇಲೆ ಒಂದು ಹಳೆ ಕೆಲಸವನ್ನು ಬ್ಯಾಕಪ್‌ನಿಂದ ತೆಗೆದು ಮಗಳ ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡಿ. ನಿಮ್ಮ ಕೆಲಸದ ಕಂಪ್ಯೂಟರ್‌ನಲ್ಲಿ ಬೇಡ. ನಿಜವಾದ ಪರೀಕ್ಷೆ ಬೇರೆ ಕಂಪ್ಯೂಟರ್‌ನಲ್ಲೇ ಆಗಬೇಕು.

ಅಚ್ಚಿನಮನೆ
ಎಲ್ಲರಿಗೂ ವರದಿ. ಹಳೆ ಡೆಸ್ಕ್‌ಟಾಪ್‌ಗೇ ಕೈ ಹಾಕಿದೆ. ಡೆಬಿಯನ್, ಮೇಲೆ ಅರ್‌ಬ್ಯಾಕಪ್, 4 ಟಿಬಿ ಸಿಎಂಆರ್ ಡಿಸ್ಕ್. ರಾತ್ರಿ 8ರಿಂದ 11 ಮಾತ್ರ ಓಡುತ್ತದೆ. ಕೇಬಲ್‌ನಲ್ಲಿ ನಿಜವಾಗಿಯೂ ನಾಲ್ಕೇ ತಂತಿ ಇತ್ತು, ಬದಲಾಯಿಸಿದ ಮೇಲೆ ವೇಗ ಬಂತು. ಪೋರ್ಟ್ ಯಾವುದೂ ತೆರೆದಿಲ್ಲ.

ರಂಗ ಅವರು ಹೇಳಿದಂತೆ ಹಳೆ ಸ್ಮರಣ ಸಂಚಿಕೆಯೊಂದನ್ನು ಮಗಳ ಲ್ಯಾಪ್‌ಟಾಪ್‌ಗೆ ತೆಗೆದೆ. ಫೈಲ್ ಬಂತು, ತೆರೆಯಿತು. ಆದರೆ ಕನ್ನಡವೇ ಇಲ್ಲ! ಪುಟ ಪೂರ್ತಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಆ ಕಾಲದ ಕೆಲಸವೆಲ್ಲ ನುಡಿ ಮತ್ತು ಬರಹದ ಹಳೆ ಫಾಂಟ್‌ಗಳಲ್ಲಿ ಇದೆ. ಫಾಂಟ್ ಬ್ಯಾಕಪ್‌ಗೆ ಬಂದೇ ಇಲ್ಲ. ಡಾಕ್ಯುಮೆಂಟ್ಸ್, ಡಿ ಡ್ರೈವ್ ಎರಡನ್ನೇ ಆರಿಸಿದ್ದೆ.

ಫಾಂಟ್ ಪೆಟ್ಟಿಗೆ
ಇದು ಈ ಇಡೀ ಚರ್ಚೆಯ ಮುಖ್ಯ ವಿಷಯ ಅನ್ನುತ್ತೇನೆ. ಯುನಿಕೋಡ್‌ಗೆ ಮುಂಚಿನ ಕನ್ನಡ ಕಡತ ಫಾಂಟ್ ಇಲ್ಲದೆ ಕನ್ನಡವೇ ಅಲ್ಲ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿದ್ದವು. ಕಡತದೊಳಗೆ ಇರುವುದು ಆ ಸಂಕೇತಗಳು ಮಾತ್ರ. ಬೇರೆ ಫಾಂಟ್ ಕೊಟ್ಟರೂ ಆಗುವುದಿಲ್ಲ, ಅದೇ ಜೋಡಣೆಯ ಫಾಂಟೇ ಬೇಕು.

ಸಿ ಡ್ರೈವ್‌ನ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಸೇರಿಸಿ. ಅಷ್ಟೇ ಸಾಲದು. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಒಬ್ಬ ಬಳಕೆದಾರರಿಗೆ ಮಾತ್ರ ಅಂತ ಹಾಕಿದ ಫಾಂಟ್ ಬೇರೆ ಕಡೆ ಕೂರುತ್ತದೆ: ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್. ಆಪ್‌ಡೇಟಾ ಅಡಗಿರುವ ಫೋಲ್ಡರ್, ಬ್ಯಾಕಪ್‌ಗೆ ಆರಿಸುವಾಗ ಕಣ್ಣಿಗೇ ಬೀಳುವುದಿಲ್ಲ.

ಇನ್ನು ಮುಂದಿನ ಕೆಲಸಗಳಿಗೆ, ಮುಗಿದ ಕೂಡಲೇ ಇನ್‌ಡಿಸೈನ್ ಆದರೆ ಪ್ಯಾಕೇಜ್, ಕೋರೆಲ್‌ಡ್ರಾ ಆದರೆ ಕಲೆಕ್ಟ್ ಫಾರ್ ಔಟ್‌ಪುಟ್ ಕೊಡಿ. ಚಿತ್ರ, ಫಾಂಟ್ ಒಂದೇ ಫೋಲ್ಡರ್‌ಗೆ ಬರುತ್ತವೆ. ಜೊತೆಗೆ ಫಾಂಟ್ ಹುದುಗಿಸಿದ ಪಿಡಿಎಫ್ ಒಂದು.

ಲಾಕ್ ಬಿಚ್ಚು
ಹಳೆ ಪೇಜ್‌ಮೇಕರ್ ಇರುವ ಕಂಪ್ಯೂಟರ್ ಆದರೆ ಇಡೀ ಡಿಸ್ಕ್‌ನ ಇಮೇಜ್ (ಡಿಸ್ಕ್‌ನ ಪೂರ್ತಿ ನಕಲು) ತೆಗೆದಿಡಿ. ಅರ್‌ಬ್ಯಾಕಪ್‌ನಲ್ಲಿ ಇಮೇಜ್ ಬ್ಯಾಕಪ್ ಆಯ್ಕೆ ಇದೆ. ತಂತ್ರಾಂಶ, ಫಾಂಟ್, ಕೀಬೋರ್ಡ್ ಎಲ್ಲ ಇದ್ದ ಹಾಗೇ ಬರುತ್ತದೆ. ಹಾರ್ಡ್‌ವೇರ್ ಲಾಕ್ (ಕಂಪ್ಯೂಟರ್‌ಗೆ ಚುಚ್ಚುವ ಕೀಲಿ) ಇರುವ ಲಿಪಿ ತಂತ್ರಾಂಶ ಬಳಸಿದ್ದರೆ ಆ ಲಾಕನ್ನು ಜೋಪಾನವಾಗಿಡಿ. ಇಮೇಜ್ ಇದ್ದರೂ ಅದಿಲ್ಲದೆ ತೆರೆಯುವುದಿಲ್ಲ.

ಅಚ್ಚಿನಮನೆ
ಎರಡೂ ಫಾಂಟ್ ಫೋಲ್ಡರ್ ಸೇರಿಸಿ ಮತ್ತೆ ತೆಗೆದೆ. ಈಗ ಸಂಚಿಕೆ ಸರಿಯಾಗಿ ಬಂತು, ಒತ್ತಕ್ಷರ ಒಂದೂ ಕೆಟ್ಟಿಲ್ಲ. ಆಪ್‌ಡೇಟಾದಲ್ಲಿ ನಾನು ಮರೆತೇಬಿಟ್ಟಿದ್ದ ಫಾಂಟ್‌ಗಳೂ ಸಿಕ್ಕವು. ಪೇಜ್‌ಮೇಕರ್ ಕಂಪ್ಯೂಟರ್‌ನ ಇಮೇಜ್ ಇವತ್ತು ರಾತ್ರಿ ಹಾಕಿದ್ದೇನೆ.

ಕೊನೆಯ ಪ್ರಶ್ನೆ. ನಡುವೆ ಕರೆಂಟ್ ಹೋದರೆ? ಮನೆಗೆ ಇನ್ವರ್ಟರ್ ಇದೆ. ಆದರೂ ಕರೆಂಟ್ ಹೋದ ಕ್ಷಣ ಸರ್ವರ್ ರೀಸ್ಟಾರ್ಟ್ ಆಗುತ್ತದೆ.

ಮಲೆನಾಡ ತಂತಿ
ಇನ್ವರ್ಟರ್ ಹಿಂಭಾಗದಲ್ಲಿ ಯುಪಿಎಸ್ ಮತ್ತು ಇಕೋ ಅಂತ ಒಂದು ಸ್ವಿಚ್ ಇದೆಯಾ ನೋಡಿ. ಇಕೋದಲ್ಲಿ ಬದಲಾಗೋಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಯುಪಿಎಸ್ ಕಡೆಗೆ ಹಾಕಿದರೆ ಎಷ್ಟೋ ಕಂಪ್ಯೂಟರ್‌ಗಳು ನಿಲ್ಲದೆ ಓಡುತ್ತವೆ.

ಬೈಟ್ ಬಸವ
ಅದರಲ್ಲೂ ನಿಂತರೆ ಯುಎಸ್‌ಬಿ ತಂತಿ ಇರುವ ಸಣ್ಣ ಯುಪಿಎಸ್ ತಗೊಳ್ಳಿ. ನಟ್ ಅಂತ ಒಂದು ತಂತ್ರಾಂಶ ಇದೆ, ಡೆಬಿಯನ್‌ನಲ್ಲೇ ಸಿಗುತ್ತದೆ. ಬ್ಯಾಟರಿ ಇಳಿದಾಗ ಸರ್ವರನ್ನು ತಾನೇ ಸರಿಯಾಗಿ ಆಫ್ ಮಾಡುತ್ತದೆ. ಕೊಳ್ಳುವ ಮುಂಚೆ ಆ ಮಾದರಿ ನಟ್‌ನ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಕೊಳ್ಳಿ.

ಅಚ್ಚಿನಮನೆ
ಸ್ವಿಚ್ ಇಕೋದಲ್ಲೇ ಇತ್ತು. ಯುಪಿಎಸ್‌ಗೆ ಹಾಕಿ ಮೇನ್ ಆಫ್ ಮಾಡಿ ನೋಡಿದೆ, ಸರ್ವರ್ ಓಡುತ್ತಲೇ ಇದೆ.

ಹೊಸಬ ಹೊಳೆನರಸೀಪುರ
ಅಕ್ಕ, ಆ ಕ್ರಾನ್ ಸಾಲು ಮತ್ತು ಅರ್‌ಬ್ಯಾಕಪ್‌ಗೆ ಯಾವ್ಯಾವ ಫೋಲ್ಡರ್ ಕೊಟ್ಟಿದ್ದೀರಿ ಅನ್ನುವುದನ್ನು ಇಲ್ಲಿ ಹಾಕುತ್ತೀರಾ? ನಾನೂ ಈ ಭಾನುವಾರ ಕೂರುತ್ತೇನೆ.

ಅಚ್ಚಿನಮನೆ
ಖಂಡಿತ ಹಾಕುತ್ತೇನೆ. ಬೆಳಿಗ್ಗೆ ಇಮೇಜ್ ಮುಗಿದಿದೆಯಾ ನೋಡಿಕೊಂಡು ಎಲ್ಲ ಒಟ್ಟಿಗೆ ಬರೆಯುತ್ತೇನೆ.